ಹದಿನೆಂಟನೆಯ ತಟ್ಟೆ

ನನ್ನ ಗಂಡ ಬರೆದ ಕೊನೆಯ ತಟ್ಟೆ ಒಣಗುವ ಕೋಣೆಯ ಮೇಲಿನ ಹಲಗೆಯಲ್ಲಿ ನಾಲ್ಕು ತಿಂಗಳಿಂದ ಹಾಗೇ ಇತ್ತು. ಅದನ್ನು ಇನ್ನೂ ಸುಟ್ಟಿರಲಿಲ್ಲ. ಭಟ್ಟಿಗೆ ಇಟ್ಟರೆ ಚಿತ್ರವೆಲ್ಲ ಉರಿದುಹೋಗಿ ಬರೀ ಬಿಳಿ ತಟ್ಟೆ ಹೊರಬರುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಸಂಕಟಕ್ಕೆ ಅದನ್ನು ಮುಟ್ಟಗೊಡುತ್ತಿಲ್ಲ ಎಂದು ಮನೆಯವರು ತಿಳಿದಿದ್ದರು. ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆ.

ನಮ್ಮದು ನೀಲಿ ಪಿಂಗಾಣಿ ಮಾಡುವ ಮನೆ. ಮಾವ ಚಕ್ರದ ಮುಂದೆ ಕೂತು ಮಣ್ಣಿನಿಂದ ತಟ್ಟೆ, ಹೂದಾನಿಗಳನ್ನು ಎತ್ತುತ್ತಾರೆ. ಗಂಡ ಅವುಗಳ ಮೇಲೆ ಚಿತ್ರ ಬರೆಯುತ್ತಿದ್ದ. ಅತ್ತೆ ಮೆರುಗು ಹಾಕುತ್ತಾರೆ, ಅದು ಬೆಂಕಿಯಲ್ಲಿ ಗಾಜಿನ ಹಾಗೆ ತಿಳಿಯಾಗುತ್ತದೆ. ಮೈದುನ ಭಟ್ಟಿ ನೋಡಿಕೊಳ್ಳುತ್ತಾನೆ. ನಮ್ಮ ತಟ್ಟೆಗಳಲ್ಲಿ ಯಾರೂ ಉಣ್ಣುವುದಿಲ್ಲ, ಕೊಂಡವರು ಗೋಡೆಗೆ ತೂಗುಹಾಕುತ್ತಾರೆ. "ಅನ್ನದ ಮುಖ ಕಾಣದ ತಟ್ಟೆ ಮಾಡ್ಕೊಂಡೇ ನಾವು ಅನ್ನ ತಿನ್ನೋದು" ಎಂದು ಅತ್ತೆ ಆಗಾಗ ಹೇಳುವುದುಂಟು.

ಮದುವೆಯಾಗಿ ಬಂದಾಗ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಹಾಗಾಗಿ ಬಣ್ಣ ಅರೆಯುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ನನಗೆ ಡಿಗ್ರಿ ಎಂದು ಹೆಸರಿಟ್ಟರು. "ಏ ಡಿಗ್ರಿ, ಹಾಲು ಉಕ್ತಿದೆ ನೋಡೇ. ಎಷ್ಟು ಡಿಗ್ರಿಗೆ ಉಕ್ಕುತ್ತೆ ಅಂತ ಲೆಕ್ಕ ಹಾಕ್ತಾ ಕೂತಿದ್ದೀಯಾ?" ಬೆಳಿಗ್ಗೆ ಶುರುವಾದರೆ ರಾತ್ರಿ ದೀಪ ಆರಿಸುವ ತನಕ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಮಾವನಿಗೂ ಬೈಯುತ್ತಿದ್ದರು, ಬೆಕ್ಕಿಗೂ ಬೈಯುತ್ತಿದ್ದರು, ಭಟ್ಟಿಗೂ ಬೈಯುತ್ತಿದ್ದರು.

ನೀಲಿ ಬರೆಯುವಾಗ ನೀಲಿಯಾಗಿ ಇರುವುದಿಲ್ಲ. ಕೋಬಾಲ್ಟ್ ಪುಡಿಯನ್ನು ನೀರಿನಲ್ಲಿ ಅರೆದರೆ ಬರುವುದು ಕಪ್ಪು. ಇನ್ನೂ ಸುಡದ ಹಸಿ ತಟ್ಟೆಯ ಮೇಲೆ ಬರೆದಾಗಲೂ ಕಪ್ಪೇ. ಮೇಲೆ ಮೆರುಗು ಹಾಕಿ ಸುಟ್ಟ ಮೇಲೆಯೇ ನೀಲಿ ಏಳುವುದು. ಇನ್ನೊಂದು ಕಪ್ಪೂ ಇದೆ. ಅದಕ್ಕೆ ಮನೆಯಲ್ಲಿ ಗುರುತಿನ ಮಸಿ ಎನ್ನುತ್ತಾರೆ. ದೀಪದ ಮಸಿಯನ್ನು ಅಂಟಿನ ನೀರಿನಲ್ಲಿ ಕಲಸಿದ್ದು. ಬರೆಯುವ ಮೊದಲು ಎಲ್ಲಿ ಮರ, ಎಲ್ಲಿ ದೋಣಿ ಎಂದು ತೆಳುವಾಗಿ ಗುರುತು ಹಾಕಿಕೊಳ್ಳಲು ಅದು. ಬೆಂಕಿ ಮುಟ್ಟಿದರೆ ಏನೂ ಉಳಿಯುವುದಿಲ್ಲ.

ನಾನು ಬರುವ ಮೊದಲು ಮಸಿ ಇರುತ್ತಿದ್ದದ್ದು ಕೊರಳಿಗೆ ದಾರ ಕಟ್ಟಿದ ಮಣ್ಣಿನ ಕುಡಿಕೆಯಲ್ಲಿ. ಕೋಬಾಲ್ಟ್ ಕಲ್ಲಿನ ಬಟ್ಟಲಿನಲ್ಲಿ. ಕಣ್ಣು ಮುಚ್ಚಿ ಕೈಯಾಡಿಸಿದರೂ ಯಾವುದು ಏನೆಂದು ತಿಳಿಯುತ್ತಿತ್ತು. ನಾನು ಬಂದ ಆರು ತಿಂಗಳಿಗೆ ಎಲ್ಲವನ್ನೂ ಒಂದೇ ಅಳತೆಯ ಗಾಜಿನ ಜಾಡಿಗಳಿಗೆ ಸುರಿದು, ನಂಬರು ಬರೆದು ಚೀಟಿ ಅಂಟಿಸಿದೆ. ಎರಡು ಎಂದರೆ ಮಸಿ, ಮೂರು ಎಂದರೆ ಕೋಬಾಲ್ಟ್.

"ಔಷಧಿ ಅಂಗಡಿ ಮಾಡಿಟ್ಯಲ್ಲೇ" ಎಂದರು ಅತ್ತೆ. "ಕುಡಿಕೆ ನಿನಗೇನು ತಪ್ಪು ಮಾಡಿತ್ತು?"

"ಚೊಕ್ಕವಾಗಿರುತ್ತೆ ಅತ್ತೆ. ಯಾರು ಬೇಕಾದ್ರೂ ಓದ್ಕೊಂಡು ತಗೋಬಹುದು."

"ಕೈಯಲ್ಲೇ ಕಣ್ಣಿರೋರಿಗೆ ಓದೋದು ಯಾಕೆ?"

ಗಂಡ ನನ್ನ ಪರ ವಹಿಸಿದ. "ಬಿಡಮ್ಮ. ಮೇಡಂ ಹೇಳಿದ ಮೇಲೆ ಮುಗೀತು."

ಇದಾದ ಮೂರು ವರ್ಷಕ್ಕೆ ವಕೀಲರೊಬ್ಬರ ಮನೆಯ ಕೆಲಸ ಬಂತು. ಊಟದ ಕೋಣೆಯ ಗೋಡೆಗೆ ಇಪ್ಪತ್ತೊಂದು ತಟ್ಟೆ. ಸಾಲಿಗೆ ಏಳರಂತೆ ಮೂರು ಸಾಲು. ಒಂದೇ ನದಿ ಎಲ್ಲ ತಟ್ಟೆಗಳ ಮೇಲೂ ಹರಿದುಹೋಗಬೇಕು. ಒಂದು ತಟ್ಟೆಯ ಅಂಚಿನಲ್ಲಿ ಮುಗಿದ ನೀರು ಪಕ್ಕದ ತಟ್ಟೆಯ ಅಂಚಿನಲ್ಲಿ ಶುರುವಾಗಬೇಕು. ಹಾಗೆ ಯಾರೂ ಮಾಡಿರಲಿಲ್ಲ. ಗಂಡ ಹುರುಪಿನಿಂದ ಒಪ್ಪಿಕೊಂಡ. ಅಷ್ಟರಲ್ಲಿ ಅವನ ಎದೆಯಲ್ಲಿ ಧೂಳು ಕೂತಾಗಿತ್ತು. ಒಣಗಿದ ಪಿಂಗಾಣಿ ಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು. ಒಳಗೆ ಹೋಗುವಾಗ ಗೊತ್ತಾಗುವುದಿಲ್ಲ, ಆಮೇಲೆ ಹೊರಗೆ ಬರುವುದಿಲ್ಲ. ಇಪ್ಪತ್ತು ತಟ್ಟೆ ಆಗುವ ಹೊತ್ತಿಗೆ ಅವನಿಗೆ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಉಳಿದದ್ದು ಹದಿನೆಂಟನೆಯದು. ದೋಣಿ ದಡಕ್ಕೆ ಬರುವ ತಟ್ಟೆ. ಜನರನ್ನು ಬರೆಯುವುದಿತ್ತು ಎಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದ.

ಬೆನ್ನಿಗೆ ಮೂರು ದಿಂಬು, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ತಟ್ಟೆ. ನಾನು ಪಕ್ಕದಲ್ಲಿ ಬಟ್ಟಲು ಹಿಡಿದು ಕೂರುತ್ತಿದ್ದೆ. ಕೋಬಾಲ್ಟ್ ಭಾರ. ಬಿಟ್ಟರೆ ತಳಕ್ಕೆ ಇಳಿದುಬಿಡುತ್ತದೆ. ಎರಡು ಗೆರೆಗೊಮ್ಮೆ ಕಡ್ಡಿಯಿಂದ ಕಲಕುತ್ತಲೇ ಇರಬೇಕು.

ಅವತ್ತು ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದರು. ವರದಿ ಚೆನ್ನಾಗಿಲ್ಲ, ನಾಳೆಯೇ ಕರೆದುಕೊಂಡು ಬನ್ನಿ ಎಂದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಾನು ಜಾಡಿಯಿಂದ ಬಟ್ಟಲಿಗೆ ಸುರಿದೆ. ಮೂರನೆಯ ನಂಬರಿನ ಬದಲು ಎರಡನೆಯದು.

ನನ್ನ ಅರೆತ ಅವನಿಗೆ ಎಂದೂ ಸರಿಬಂದಿರಲಿಲ್ಲ. ಮರಳು ಮರಳು ಎನ್ನುತ್ತಿದ್ದ, ಕುಂಚ ಎಳೆದರೆ ಕರಕರ ಎನ್ನುತ್ತದೆ ಎನ್ನುತ್ತಿದ್ದ. ಅವತ್ತು ಮೊದಲ ಗೆರೆ ಎಳೆದು ಕುಂಚವನ್ನು ನೋಡಿದ.

"ಏನು ಮೇಡಂ, ಇವತ್ತು ಬೆಣ್ಣೆ ಮಾಡಿಟ್ಟಿದ್ದೀಯ?"

"ಸರಿ ಇಲ್ವಾ?"

"ಇಷ್ಟು ವರ್ಷಕ್ಕೆ ಅರೆಯೋದು ಕಲಿತೆ ಕಣೇ. ನೋಡು, ಕುಂಚ ತಾನಾಗೇ ಓಡ್ತಿದೆ."

ನನಗೆ ಖುಷಿಯಾಯಿತು. ಕಲಕುವಾಗ ಕಡ್ಡಿಗೆ ತಳದಲ್ಲಿ ಏನೂ ತಾಕುತ್ತಿರಲಿಲ್ಲ. ಅದೂ ನನ್ನ ಅರೆತದ ಗುಣ ಎಂದೇ ತಿಳಿದೆ. ರಸಾಯನಶಾಸ್ತ್ರ ಓದಿದವಳು.

ಅವನು ಮೂರು ಗಂಟೆ ಬರೆದ. ನಡುವೆ ಒಂದೇ ಸಲ ಕೆಮ್ಮಿದ. ದೋಣಿಯಿಂದ ದಡದ ಗೂಟಕ್ಕೆ ಹೋಗುವ ಹಗ್ಗವನ್ನು ಒಂದೇ ಎಳೆತಕ್ಕೆ ಬರೆದ. ದಡದ ಮೇಲೆ ನಾಲ್ವರು. ಮೂವರು ಮೂಟೆ ಹೊತ್ತವರು. ನಾಲ್ಕನೆಯವಳು ಒಂದು ಕೈಯನ್ನು ಸೊಂಟಕ್ಕಿಟ್ಟು, ಇನ್ನೊಂದು ಕೈಯ ಬೆರಳನ್ನು ಅಂಬಿಗನ ಮೂಗಿನ ತನಕ ಚಾಚಿದ್ದಳು. ಅಂಬಿಗ ತಲೆ ತಗ್ಗಿಸಿದ್ದ.

"ಇದು ಯಾರು ಹೇಳು."

ನಾನು ನಕ್ಕೆ. ಯಾರೆಂದು ಕೇಳುವುದೇ ಬೇಕಿರಲಿಲ್ಲ.

"ಯಾಕೆ ತಡ ಮಾಡಿದೆ ಅಂತ ಕೇಳ್ತಿದ್ದಾಳೆ" ಎಂದ. "ಅಮ್ಮನಿಗೆ ಈಗಲೇ ಹೇಳ್ಬೇಡ. ಸುಟ್ಟು ನೀಲಿ ಆದ ಮೇಲೆ ನೋಡ್ಲಿ. ಕೈಗೆ ಸಿಕ್ಕಿದ್ದು ತಗೊಂಡು ಹೊಡೆಯೋಕೆ ಬರ್ತಾಳೆ."

ಸಂಜೆ ಮೈದುನ ತಟ್ಟೆಯನ್ನು ಮೇಲಿನ ಹಲಗೆಗೆ ಸಾಗಿಸಿದ. ಮರುದಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಅವನು ಎರಡೇ ದಿನ ಬದುಕಿದ್ದ. ಮೂವತ್ತನಾಲ್ಕು ವರ್ಷ ವಯಸ್ಸಾಗಿತ್ತು.

ಹದಿನೈದು ದಿನ ಕಳೆದು ನಾನು ಒಣಗುವ ಕೋಣೆಗೆ ಹೋದೆ. ತಟ್ಟೆಯ ಅಂಚಿನಲ್ಲಿ ಒಂದು ಹನಿ ಬಿದ್ದು ಒಣಗಿತ್ತು. ಒರೆಸೋಣ ಎಂದು ಒದ್ದೆ ಬೆರಳಿನಿಂದ ಮುಟ್ಟಿದೆ. ಕೋಬಾಲ್ಟ್ ಆಗಿದ್ದರೆ ಬೆರಳಿಗೆ ಪುಡಿ ತಾಕಬೇಕಿತ್ತು. ಇದು ಜಿಡ್ಡಾಗಿ ಜಾರಿತು. ಮೂಸಿ ನೋಡಿದೆ. ದೀಪದ ವಾಸನೆ. ಹೋಗಿ ಜಾಡಿಗಳನ್ನು ನೋಡಿದೆ. ಎರಡನೆಯದು ಅರ್ಧ ಖಾಲಿಯಾಗಿತ್ತು. ಮೂರನೆಯದು ನಾನು ಅರೆದು ತುಂಬಿಟ್ಟ ಹಾಗೇ ಇತ್ತು. ಆದರೂ ನಂಬಲಿಲ್ಲ. ಎರಡನೆಯ ಜಾಡಿಯದನ್ನು ಒಂದು ಹಸಿ ಚೂರಿನ ಮೇಲೆ ಬಳಿದು ಮೈದುನನ ಭಟ್ಟಿಯೊಳಗೆ ಸೇರಿಸಿದೆ. ಎರಡು ದಿನದ ಮೇಲೆ ಚೂರು ಬೆಳ್ಳಗೆ ಹೊರಬಂತು.

ಆಗಲೇ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಮಾವ ಮಾತಾಡಿಸಲು ಬಂದವರಿಗೆಲ್ಲ ಒಂದು ಕಥೆ ಹೇಳತೊಡಗಿದ್ದರು. "ಕೊನೇ ತಟ್ಟೆ ಅವನು ಮುಗಿಸಿದ್ದು ನಮ್ಮ ಸೊಸೆಯಿಂದ. ಮೂರು ಗಂಟೆ ಹೊತ್ತು ಬಟ್ಟಲು ಹಿಡ್ಕೊಂಡು ಕೂತಿದ್ಳು. ಕೈ ಸೋತ್ರೂ ಇಳಿಸಲಿಲ್ಲ. ಹೊಟ್ಟೇಲಿ ಹುಟ್ಟಿದ ಮಗಳೂ ಹಾಗೆ ಮಾಡೋಲ್ಲ." ಬಂದವರು ನನ್ನ ಕಡೆ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಅದೂ ಕಥೆಗೆ ಹೊಂದಿಕೊಂಡುಬಿಡುತ್ತಿತ್ತು.

ಅತ್ತೆ ಒಣಗುವ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ಬೇಕಾದದ್ದನ್ನು ಮೈದುನನಿಂದ ತರಿಸಿಕೊಳ್ಳುತ್ತಿದ್ದರು. ಆ ಹಲಗೆಯ ಕಡೆ ನೋಡಲು ತನ್ನಿಂದಾಗದು ಎಂದಿದ್ದರು.

ವಕೀಲರ ಮನೆಯ ಒಳಾಂಗಣವನ್ನೆಲ್ಲ ಸಜ್ಜು ಮಾಡಿಸುತ್ತಿದ್ದ ಹೆಂಗಸು ತಿಂಗಳಿಗೊಮ್ಮೆ ಬರುತ್ತಿದ್ದಳು. ಬಾಯಿ ತೆರೆದರೆ ಗೋಡೆಯ ಮಾತು. ಗೋಡೆಗೆ ಉಸಿರು ಬೇಕು, ಗೋಡೆಗೆ ತೂಕ ಬೇಕು ಎನ್ನುವಳು. ಮೈದುನ ಅವಳಿಗೆ ಗೋಡೆಯಮ್ಮ ಎಂದು ಹೆಸರಿಟ್ಟಿದ್ದ. ಇಪ್ಪತ್ತು ತಟ್ಟೆಗಳನ್ನು ಅವಳು ಆಗಲೇ ತೂಗುಹಾಕಿಸಿದ್ದಳು. ಕೆಳಸಾಲಿನ ನಡುವೆ ಒಂದು ಮೊಳೆ ಖಾಲಿ ಇತ್ತು.

ನಾಲ್ಕನೆಯ ತಿಂಗಳು ಬಂದವಳು ಕೂರಲೂ ಇಲ್ಲ.

"ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದರೆ ಗೋಡೆ ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ. ಊಟಕ್ಕೆ ಬಂದೋರೆಲ್ಲ ಆ ಮೊಳೆ ನೋಡ್ತಾರೆ. ವಕೀಲರ ಮನೆಯವರು ಅಲ್ಲಿ ಒಂದು ಗಡಿಯಾರ ಹಾಕೋಣ ಅಂತಿದ್ದಾರೆ."

ಮಾವ ಚಕ್ರ ನಿಲ್ಲಿಸಿದರು. "ಏನು ಹಾಕ್ತಾರೆ?"

"ಗಡಿಯಾರ. ದುಂಡಗೇ ಇದೆ. ಅಳತೆ ಸರಿಹೋಗುತ್ತೆ."

"ನನ್ನ ಮಗನ ನದೀಲಿ ಗಡಿಯಾರವಾ?" ಮಾವನ ಕೈಯ ಮಣ್ಣು ಕೆಳಗೆ ಬಿತ್ತು. "ನಾಳೆ ಬಿಟ್ಟು ನಾಳಿದ್ದು ಭಟ್ಟಿ ಹಚ್ತೀವಿ. ತಟ್ಟೆ ಬರುತ್ತೆ. ಹೋಗಿ ಹೇಳಿ."

ಗೋಡೆಯಮ್ಮ ಹೋದ ಮೇಲೆ ಮಾವ ನನ್ನ ಮುಂದೆ ಬಂದು ನಿಂತರು. "ಏನಮ್ಮಾ, ನಿನ್ನ ಮನಸ್ಸು ನನಗೆ ಗೊತ್ತು. ಅವನ ಕೈ ಮುಟ್ಟಿದ ಮಣ್ಣು ಹಾಗೇ ಇರ್ಲಿ ಅಂತ ನಿನಗೆ. ಆದ್ರೆ ಹಸಿ ತಟ್ಟೆ ಎಷ್ಟು ದಿನ ಇರುತ್ತೆ? ಯಾರಾದ್ರೂ ಸೀನಿದ್ರೆ ಪುಡಿಯಾಗುತ್ತೆ. ಸುಟ್ಟರೆ ನೂರು ವರ್ಷ ಇರುತ್ತೆ. ಹೌದು ತಾನೇ?"

"ಹೌದು ಮಾವ" ಎಂದೆ.

"ಅತ್ತಿಗೆ, ಭಯ ಬೇಡ" ಎಂದ ಮೈದುನ. "ಭಟ್ಟಿಯ ನಡುಗೂಡಲ್ಲಿ ಇಡ್ತೀನಿ. ಬೆಂಕಿ ಒಂದೇ ಸಮ ಇರುತ್ತೆ ಅಲ್ಲಿ. ಒಂದು ಕೂದಲೆಳೆ ಬಿರುಕು ಬಂದ್ರೆ ನನ್ನ ಕಿವಿ ಕತ್ತರಿಸಿ."

ಅವತ್ತು ಅಡುಗೆಮನೆಯಲ್ಲಿ ಅತ್ತೆಗೆ ಹೇಳಿಬಿಡೋಣ ಎಂದು ಹೋದೆ. ಅವರು ನೀರಿನ ನಲ್ಲಿಗೆ ಬೈಯುತ್ತಿದ್ದರು.

"ಅತ್ತೆ."

"ಏನು? ನಲ್ಲಿ ಸೋರ್ತಿದೆ ಅಂತ ಒಂದು ವಾರದಿಂದ ಬಡ್ಕೋತಿದ್ದೀನಿ. ಈ ಮನೇಲಿ ನನ್ನ ಮಾತು ಯಾರ ಕಿವಿಗೆ ಬೀಳುತ್ತೆ? ನೀನಾದ್ರೂ ನೋಡಬಾರದಾ? ಎಂಥ ಡಿಗ್ರಿಯೋ, ಒಂದು ನಲ್ಲಿ ತಿರುಗಿಸೋಕೆ ಬರಲ್ಲ. ಏನು ಹೇಳೋಕೆ ಬಂದೆ?"

"ಏನಿಲ್ಲ."

"ಏನಿಲ್ದಿದ್ರೆ ಬಾಗಿಲಿಗೆ ಅಡ್ಡ ನಿಂತ್ಕೋಬೇಡ."

ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಿರಲಿಲ್ಲ. ಹಾಗೆ ಹಾಕುವ ಜನ ಅವರಲ್ಲ. ಆದರೆ ನಾನು ಮಗನ ಕೊನೆಯ ದಿನ ಅವನ ಕೈಗೆ ಮಸಿ ಕೊಟ್ಟವಳಾಗಿ ಆ ಮನೆಯಲ್ಲಿ ಇನ್ನೂ ನಲವತ್ತು ವರ್ಷ ಬದುಕಬೇಕಿತ್ತು. ಬಟ್ಟಲು ಹಿಡಿದ ಸೊಸೆಯಾಗಿ ಬದುಕುವುದು ಅದಕ್ಕಿಂತ ಸುಲಭ. ನಾನು ಯೋಚಿಸಿದ್ದು ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇರಲಿಲ್ಲ.

ಮರುದಿನ ಮಧ್ಯಾಹ್ನ ಮಾವ, ಮೈದುನ ಇಬ್ಬರೂ ಭಟ್ಟಿಗೆ ಗ್ಯಾಸ್ ಸಿಲಿಂಡರ್ ತರಲು ಹೋದರು. ಅತ್ತೆ ಊಟ ಮಾಡಿ ಮಲಗಿದರು. ನಾನು ತಟ್ಟೆಯನ್ನು ಕೆಳಗಿಳಿಸಿ ಕಿಟಕಿಯ ಹತ್ತಿರ ಇಟ್ಟುಕೊಂಡೆ. ಮೂರನೆಯ ನಂಬರಿನ ಜಾಡಿಯನ್ನು ಎರಡು ಸಲ ಓದಿ ತೆರೆದೆ. ಒದ್ದೆ ಬೆರಳಿಗೆ ಹಚ್ಚಿ ನೋಡಿದೆ. ಪುಡಿ ತಾಕಿತು.

ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಬಹುದಿತ್ತು. ತೆಗೆಯಲಿಲ್ಲ. ಫೋಟೋ ಇದ್ದರೆ ಯಾರಾದರೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು.

ಅವನ ಗೆರೆಗಳ ಮೇಲೆ ನಾನು ತಿದ್ದಲು ಶುರುಮಾಡಿದೆ. ಹಸಿ ಪಿಂಗಾಣಿ ಒತ್ತುಕಾಗದದ ಹಾಗೆ ಹೀರುತ್ತದೆ. ಕುಂಚ ಓಡುತ್ತಿದ್ದರೆ ಗೆರೆ, ನಿಂತರೆ ಕಲೆ. ಅವನು ಅದನ್ನು ಉಸಿರು ಹಿಡಿದು ಮಾಡುತ್ತಿದ್ದ. ನನಗೆ ಗೆರೆ ತಪ್ಪೀತು ಎಂಬ ಹೆದರಿಕೆ. ಹೆದರಿದಲ್ಲೆಲ್ಲ ಕುಂಚ ನಿಂತಿತು. ಮರದ ಎಲೆಗಳು ಹೇಗೋ ಆದವು. ನೀರು ಆಯಿತು. ಹಗ್ಗ ಬಂದಾಗ ಒಂದೇ ಎಳೆತಕ್ಕೆ ಧೈರ್ಯ ಸಾಲದೆ ಐದು ತುಂಡು ಮಾಡಿ ಸೇರಿಸಿದೆ. ಅಂಬಿಗನ ತಗ್ಗಿದ ತಲೆ ಬರೀ ಗುಂಡಗಾಯಿತು. ಕೊನೆಗೆ ದಡದ ಹೆಂಗಸು. ಸೊಂಟದ ಮೇಲಿನ ಕೈ ಸರಿಯಾಗಿಯೇ ಬಂತು. ಚಾಚಿದ ಬೆರಳಿನ ತುದಿಗೆ ಬಂದಾಗ ಒಳಗೆ ಅತ್ತೆ ಮಗ್ಗುಲು ಬದಲಿಸಿದ ಸದ್ದಾಯಿತು. ನಾನು ಕುಂಚ ಎತ್ತಲಿಲ್ಲ. ಎತ್ತುವಷ್ಟರಲ್ಲಿ ಬೆರಳಿನ ತುದಿಯಲ್ಲಿ ಗೋಲಿಯಷ್ಟು ದಪ್ಪ ಕಪ್ಪು ಕೂತಿತ್ತು.

ಹಸಿಯ ಮೇಲೆ ಬಿದ್ದದ್ದನ್ನು ತೆಗೆಯಲು ಬರುವುದಿಲ್ಲ.

ತಟ್ಟೆಯನ್ನು ಬಟ್ಟೆಯ ಮೇಲೆ ಕವುಚಿದೆ. ಹಿಂಬದಿಯಲ್ಲಿ ಅವನ ಗುರುತು ಇತ್ತು, ಎರಡು ಗೆರೆಯ ಒಂದು ಮೀನು. ಅದನ್ನೂ ತಿದ್ದಿದೆ. ಅದೊಂದು ಮಾತ್ರ ಎಲ್ಲೂ ನಡುಗದೆ ಬಂತು.

ಸಂಜೆ ಅತ್ತೆ ಮೆರುಗು ಹಾಕಿದರು. ಮೈದುನ ತಟ್ಟೆ ಹಿಡಿದುಕೊಂಡ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಸೌಟಿನಿಂದ ಸುರಿದರು. ಬಿಳಿ ಮೆರುಗು ಎಲ್ಲವನ್ನೂ ಮುಚ್ಚಿತು. "ಆಯ್ತಾ?" ಎಂದು ಕೇಳಿ, ಆಯಿತು ಎಂದ ಮೇಲೆಯೇ ಈ ಕಡೆ ತಿರುಗಿದರು.

ಮೂರನೆಯ ದಿನ ಭಟ್ಟಿ ತೆರೆದಾಗ ನಡುಗೂಡಿನಲ್ಲಿ ತಟ್ಟೆ ನೀಲಿಯಾಗಿ ಕೂತಿತ್ತು. ಬಿರುಕಿರಲಿಲ್ಲ. ಮೈದುನ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಮಾವ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತರು. ಅತ್ತೆ ಅದನ್ನು ಅವರಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪೆಟ್ಟಿಗೆಯ ಹುಲ್ಲಿನೊಳಗೆ ಇಟ್ಟು, "ನೀಲಿ ಚೆನ್ನಾಗಿ ಎದ್ದಿದೆ" ಎಂದರು.

ತಟ್ಟೆ ತೂಗುಹಾಕುವ ದಿನ ವಕೀಲರು ನಮ್ಮೆಲ್ಲರನ್ನೂ ಕರೆದಿದ್ದರು. ಊಟದ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಗೋಡೆಯಮ್ಮ ಸ್ಟೂಲಿನ ಮೇಲೆ ಹತ್ತಿ ತಾನೇ ತಟ್ಟೆಯನ್ನು ಮೊಳೆಗೆ ಸಿಕ್ಕಿಸಿದಳು. ನದಿ ಸೇರಿಕೊಂಡಿತು. ಹದಿನೇಳನೆಯದರಿಂದ ನೀರು ಬಂದು ಹದಿನೆಂಟರಲ್ಲಿ ಹಾದು ಹತ್ತೊಂಬತ್ತಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಗೋಡೆಯಮ್ಮ ಕೆಳಗಿಳಿದು ಎಲ್ಲರನ್ನೂ ಹತ್ತಿರ ಕರೆದಳು. "ಉಳಿದ ಇಪ್ಪತ್ತು ತಟ್ಟೆ ನೋಡಿ, ಒಂದು ಗೆರೆಯೂ ಅಲುಗಿಲ್ಲ. ಇದನ್ನ ನೋಡಿ. ಹಗ್ಗ ಎಲ್ಲೆಲ್ಲಿ ನಿಂತಿದೆ ನೋಡಿ. ಇಲ್ಲಿ, ಇಲ್ಲಿ, ಇಲ್ಲಿ. ಪ್ರತಿ ಸಲ ಉಸಿರು ಸಿಕ್ಕದೆ ಕೈ ನಿಂತಿದೆ. ಪಾಪ. ಆದ್ರೂ ಬಿಟ್ಟಿಲ್ಲ."

"ಅಯ್ಯೋ" ಎಂದಳು ವಕೀಲರ ಹೆಂಡತಿ. "ಹೌದಲ್ರೀ. ಕೈ ನಡುಗಿರೋದು ಕಾಣುತ್ತೆ."

ಅವನು ಆ ತಟ್ಟೆಯಲ್ಲಿ ಒಂದು ಕಡೆಯೂ ನಿಂತಿರಲಿಲ್ಲ. ಉಳಿದ ಇಪ್ಪತ್ತಕ್ಕಿಂತ ಸಲೀಸಾಗಿ ಬರೆದಿದ್ದ. ಇನ್ನು ಆ ಗೋಡೆ ಇರುವ ತನಕ, ಊಟಕ್ಕೆ ಬಂದವರಿಗೆಲ್ಲ ಅವನ ಕೈ ಹೇಗೆ ಸೋತಿತ್ತು ಎಂದು ತೋರಿಸುತ್ತಾರೆ.

"ಈ ದಡದ ಹೆಂಗಸನ್ನ ನೋಡಿ" ಎಂದಳು ಗೋಡೆಯಮ್ಮ. ದನಿ ತಗ್ಗಿಸಿದಳು. "ಕೈಯಲ್ಲಿ ದೀಪ. ದೋಣಿಗೆ ದೀಪ ತೋರಿಸ್ತಾ ನಿಂತಿದ್ದಾಳೆ. ತಾನು ಹೋಗ್ತೀನಿ ಅಂತ ಅವರಿಗೆ ಗೊತ್ತಿತ್ತು. ಕಾಯೋಳು ಯಾರು ಅಂತ ನಾನು ಹೇಳಬೇಕಾ?"

ಎಲ್ಲರೂ ನನ್ನ ಕಡೆ ತಿರುಗಿದರು. ವಕೀಲರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡಳು. ಮಾವ ಕಣ್ಣೊರೆಸಿಕೊಂಡರು. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಅವರು ತಟ್ಟೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

ವಾಪಸ್ಸು ಬರುವಾಗ ಮೈದುನ ವ್ಯಾನ್ ಓಡಿಸುತ್ತಿದ್ದ. ಮಾವ ಅವನ ಪಕ್ಕದಲ್ಲಿ. ಹಿಂದೆ ಖಾಲಿ ಪೆಟ್ಟಿಗೆ, ಹುಲ್ಲಿನ ನಡುವೆ ನಾವಿಬ್ಬರು.

"ದೀಪ ಹಿಡಿದಿರೋಳು ಯಾರು?" ಎಂದು ಅತ್ತೆ ಕೇಳಿದರು.

ನಾನು ಪೆಟ್ಟಿಗೆಯ ಮುಚ್ಚಳ ಸರಿಮಾಡಿದೆ.

"ನನ್ನ ಮಗ ದೀಪ ಗೀಪ ಬರೆಯೋನಲ್ಲ. ಅಂಥ ಅಳುಬುರುಕು ಚಿತ್ರ ಬರೆದಿದ್ರೆ ಕುಂಚ ಕಿತ್ಕೊಂಡು ಬೆನ್ನಿಗೆ ಬಾರಿಸ್ತಿದ್ದೆ. ಅವನ ಕೈ ಹಿಡಿದು ತಿದ್ದಿಸಿದೋಳು ನಾನು. ಹಗ್ಗ ಐದು ಕಡೆ ಮುರಿದಿದೆ. ಉಸಿರೇ ಇಲ್ಲದಿದ್ರೂ ಅವನು ಹಗ್ಗ ಮುರೀತಿರಲಿಲ್ಲ. ಭಟ್ಟಿ ತೆಗೆದ ದಿನವೇ ಗೊತ್ತಾಯ್ತು. ನೀನಾಗಿ ಹೇಳ್ತೀಯೇನೋ ಅಂತ ಕಾದೆ. ಹೇಳು."

ಹೇಳಿದೆ. ಫೋನು, ಜಾಡಿ, ಮಸಿ, ಒದ್ದೆ ಬೆರಳು, ಮಧ್ಯಾಹ್ನ. ಏಳೆಂಟು ವಾಕ್ಯದಲ್ಲಿ ಮುಗಿಯಿತು. ಅವರು ನಡುವೆ ಬಾಯಿ ಹಾಕಲಿಲ್ಲ.

"ಹೆಂಗಸು?"

"ನೀವೇ ಅತ್ತೆ. ಅಂಬಿಗನ ಹತ್ತಿರ ಜಗಳ ಆಡ್ತಿದ್ರಿ. ಯಾಕೆ ತಡ ಮಾಡಿದೆ ಅಂತ."

ಅವರ ಮುಖದಲ್ಲಿ ಏನೋ ಹಾದುಹೋಯಿತು. ನಗು ಇರಬಹುದು. "ಹೇಗಿದ್ದೆ?"

"ಒಂದು ಕೈ ಸೊಂಟದ ಮೇಲೆ. ಇನ್ನೊಂದು ಬೆರಳು ಅವನ ಮೂಗಿನ ತನಕ."

"ಮುಖ?"

ಮುಖವನ್ನು ಅವನು ಮೂರೇ ಗೆರೆಯಲ್ಲಿ ಬರೆದಿದ್ದ. ನೋಡಿದ ಕೂಡಲೇ ನಗು ಬರುವ ಹಾಗಿತ್ತು. ಆ ಮೂರು ಗೆರೆ ಹೇಗಿದ್ದವು ಎಂದು ನೆನಪಿಸಿಕೊಳ್ಳಲು ನೋಡಿದೆ. ನನ್ನ ಕಣ್ಣಿಗೆ ಬಂದದ್ದು ನಾನು ತಿದ್ದಿದ ಮುಖ.

"ಚೆನ್ನಾಗಿತ್ತು" ಎಂದೆ.

ಅತ್ತೆ ಬಹಳ ಹೊತ್ತು ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಮುರಿದರು.

"ಮಸಿ ಕೊಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ಅವತ್ತಿನ ದಿನ ಯಾರ ಕೈ ಬೇಕಾದ್ರೂ ತಪ್ಪುತ್ತೆ" ಎಂದರು. "ಹೇಳಿದ್ರೆ ಬೈತಿದ್ದೆ. ಸಾಯೋ ತನಕ ಬೈತಿದ್ದೆ, ಅದೂ ನಿಜ. ಆದ್ರೆ ಆ ತಟ್ಟೆ ಕಪ್ಪಗೆ ಹಲಗೆ ಮೇಲೆ ಹಾಗೇ ಇರ್ತಿತ್ತು. ಒಂದಲ್ಲ ಒಂದು ದಿನ ನಾನು ಧೈರ್ಯ ಮಾಡಿ ನೋಡ್ತಿದ್ದೆ. ದಿನಾ ಅದನ್ನ ನೋಡ್ಕೊಂಡು ನಿನ್ನನ್ನ ಬೈತಿದ್ದೆ."

"ಏನದು ಹಿಂದೆ ಗುಸುಗುಸು?" ಎಂದು ಮುಂದಿನಿಂದ ಮಾವ ಕೂಗಿದರು.

"ಏನಿಲ್ಲ. ಸೆಕೆ ಅಂತಿದ್ದೆ" ಎಂದರು ಅತ್ತೆ.

ಅವರು ಯಾರಿಗೂ ಹೇಳಲಿಲ್ಲ. ಮಾವ ಈಗಲೂ ಬಂದವರಿಗೆ ಬಟ್ಟಲಿನ ಕಥೆ ಹೇಳುತ್ತಾರೆ. ಅತ್ತೆ ಎದ್ದು ಒಳಗೆ ಹೋಗುತ್ತಾರೆ, ಅಷ್ಟೇ. ಮಾವನಿಗೆ, ಮೈದುನನಿಗೆ, ಬೆಕ್ಕಿಗೆ ಮೊದಲಿನ ಹಾಗೇ ಬೈಯುತ್ತಾರೆ. ನನ್ನ ಕೈಗೆ ಏನಾದರೂ ಕೊಡಬೇಕಾದರೆ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ.

ಹೋದ ತಿಂಗಳು ನಾನು ಮೆರುಗಿನ ಬಕೆಟ್ಟಿಗೆ ಮುಚ್ಚಳ ಹಾಕುವುದನ್ನು ಮರೆತೆ. ರಾತ್ರಿಯೆಲ್ಲ ಧೂಳು ಬಿದ್ದು ವಾರದ ಕೆಲಸ ಹಾಳಾಯಿತು. ಬೆಳಿಗ್ಗೆ ಅತ್ತೆ ಬಂದು ಬಕೆಟ್ಟಿನೊಳಗೆ ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಏನಾದರೂ ಅನ್ನಲಿ ಎಂದು ಕಾದೆ. ಅವರು ಮೆರುಗನ್ನು ಮೋರಿಗೆ ಸುರಿದರು, ಬಕೆಟ್ಟು ತೊಳೆದು ಕವುಚಿಟ್ಟರು, ಕೈ ಒರೆಸಿಕೊಂಡು ನನ್ನ ಪಕ್ಕದಿಂದಲೇ ಹಾದು ಒಳಗೆ ಹೋದರು.